ಮೊಹಿದ್ದೀನ್ ಸಾಹೇಬರ ಕೆಂಪು ಚುಕ್ಕೆ

ಗುಂಡ್ಲುಪೇಟೆಯ ಗುಲಾಮ್ ಮೊಹಿದ್ದೀನ್ ಸಾಹೇಬರು ರಿಪೇರಿ ಮಾಡಿದ ವಸ್ತುವಿನ ಗುರುತು ಹಿಡಿಯುವುದು ಸುಲಭ. ಕೊನೆಯ ತಿರುಪಿನ ತಲೆಯ ಮೇಲೆ ಒಂದು ಕೆಂಪು ಚುಕ್ಕೆ ಇರುತ್ತದೆ, ಹೆಂಡತಿ ದಿಲ್ಶಾದ್ ಬೇಗಂ ಅವರ ಉಗುರುಬಣ್ಣದ್ದು. ತಿರುಪು ಸಡಿಲವಾಗದಿರಲಿ ಅಂತ ಶುರು ಮಾಡಿದ್ದು ಕೊನೆಗೆ ಅವರ ಸಹಿಯೇ ಆಗಿಹೋಯಿತು. ಚುಕ್ಕೆ ಒಡೆಯದೆ ವಸ್ತು ಕೆಟ್ಟರೆ ತಪ್ಪು ಅವರದು, ಒಡೆದಿದ್ದರೆ ಬೇರೆಯವರದು. ಏಳನೇ ಕ್ಲಾಸು ದಾಟದ ಮನುಷ್ಯ ನಲವತ್ತು ವರ್ಷ ಈ ಮಾತಿನ ಮೇಲೇ ಅಂಗಡಿ ನಡೆಸಿದರು. ಹರವೆ, ಬೇಗೂರಿನಿಂದ ಜನ ರೇಡಿಯೋವನ್ನು ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ರೇಡಿಯೋ ಹೋಗಿ ಟೇಪು ಬಂತು, ಟೇಪು ಹೋಗಿ ಟಿವಿ ಬಂತು. ಸಾಹೇಬರು ಎಲ್ಲವನ್ನೂ ಬಿಚ್ಚಿ ನೋಡಿಯೇ ಕಲಿತರು.

ನಾನು ಚಂದ್ರಕುಮಾರ್, ಅವರ ಎದುರು ಸಾಲಿನ ಜೆರಾಕ್ಸ್ ಅಂಗಡಿಯವನು. 2008ರಲ್ಲಿ ಲಗ್ನಪತ್ರಿಕೆ ಟೈಪ್ ಮಾಡಲು ಒಂದು ಹಳೇ ಲ್ಯಾಪ್‌ಟಾಪ್ ತಂದಿದ್ದೆ. ಒಂದು ದಿನ ಚಾರ್ಜರ್ ವೈರಿಗೆ ನನ್ನ ಕಾಲೇ ಸಿಕ್ಕಿ, ಚಾರ್ಜರ್ ಚುಚ್ಚುವ ಸಾಕೆಟ್ ಕಿತ್ತುಬಂತು. ಸಾಹೇಬರು ಅದುವರೆಗೆ ಲ್ಯಾಪ್‌ಟಾಪಿನ ಹೊಟ್ಟೆ ಕಂಡವರಲ್ಲ. ಆದರೂ ಹೊಸ ಸಾಕೆಟ್ ಬೆಸೆದು, ಚುಕ್ಕೆ ಇಟ್ಟು ಕೊಟ್ಟರು. ಯಂತ್ರ ಎದ್ದು ಕೂತಿತೇ ಹೊರತು ನಡೆಯಲಿಲ್ಲ. ಒಂದು ಪತ್ರಿಕೆ ತೆರೆಯುವಷ್ಟರಲ್ಲಿ ನಾನು ಹೋಗಿ ಟೀ ಕುಡಿದು ಬರಬಹುದಿತ್ತು. ಹತ್ತು ದಿನ ನೋಡಿ ಮೈಸೂರಿನ ಅಂಗಡಿಯೊಂದಕ್ಕೆ ಫೋನ್ ಮಾಡಿದರೆ, "ಪ್ರೊಸೆಸರ್ ಹೋಗಿರಬೇಕು, ರೇಡಿಯೋ ರಿಪೇರಿಯವರಿಗೆ ಯಾಕೆ ಕೊಟ್ರಿ?" ಅಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸಾಹೇಬರ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದಾಗಲೇ ಹೋಗಿ ಒದರಿಬಿಟ್ಟೆ. ಈರುಳ್ಳಿ ಮಂಡಿಯ ಮಾದಣ್ಣ ನಡುವೆ ಬಾಯಿ ಹಾಕಿದ: "ರೇಡಿಯೋ ಕೈಗೆ ಕಂಪ್ಯೂಟರ್ ಕೊಟ್ರೆ ಇನ್ನೇನಾದದು, ಬುಡ್ಲಾ!"

ಸಾಹೇಬರ ಮುಖ ಸಣ್ಣದಾಯಿತು. ಅಲ್ಲಿಯವರೆಗೆ ಅವರ ಅಂಗಡಿಯಲ್ಲೇ ನಿಂತು ಅವರ ಕೈಯನ್ನು ಯಾರೂ ಆಡಿಕೊಂಡಿರಲಿಲ್ಲ. ಲ್ಯಾಪ್‌ಟಾಪ್ ಮಗುಚಿ ನೋಡಿದರು.

"ಚುಕ್ಕೆ ಒಡ್ದಿಲ್ಲ. ಅಂದ್ಮೇಲೆ ತಪ್ಪು ನಂದೇ ಕಣಪ್ಪ. ಕೂತ್ಕೊ."

ಚಾರ್ಜರ್ ಚುಚ್ಚಿ ಆನ್ ಮಾಡಿದರು, ನಾನು ಒಂದು ಲಗ್ನಪತ್ರಿಕೆ ತೆರೆಯಲು ಒತ್ತಿ ಕೂತೆ. ಲ್ಯಾಪ್‌ಟಾಪಿನ ತಳಕ್ಕೆ ಅಂಗೈ ಇಟ್ಟರು, ಬಿಸಿ ಇರಲಿಲ್ಲ. ಫ್ಯಾನಿನ ಗಾಳಿ ಬರುತ್ತಿತ್ತು. ಮೂಸಿದರು, ಸುಟ್ಟ ವಾಸನೆಯೂ ಇಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮೂರ ಕರೆಂಟಿಗೆ ಹೋಗುವುದೇ ಕಸುಬು. ನಾನು ಗೊಣಗುತ್ತಿರುವಾಗಲೇ, ಬ್ಯಾಟರಿಯಲ್ಲಿ ಉಳಿದಿದ್ದ ಚೂರು ಜೀವದಲ್ಲಿ ಲ್ಯಾಪ್‌ಟಾಪ್ ಲಗ್ನಪತ್ರಿಕೆಯನ್ನು ಪಟ್ಟನೆ ತೆರೆದುಬಿಟ್ಟಿತು! ನನ್ನ ಅಂಗಡಿಯಲ್ಲಿ ಯುಪಿಎಸ್ ಇದ್ದುದರಿಂದ ಚಾರ್ಜರಿಗೆ ಕರೆಂಟ್ ತಪ್ಪುತ್ತಲೇ ಇರಲಿಲ್ಲ, ಈ ಸೋಜಿಗ ನನಗೆ ಕಂಡೇ ಇರಲಿಲ್ಲ.

ಕರೆಂಟ್ ಬಂತು, ಮತ್ತೆ ಕುಂಟಿತು. ಸಾಹೇಬರು ಚಾರ್ಜರ್ ಕಿತ್ತರು, ಓಡಿತು. ಚುಚ್ಚಿದರು, ಕುಂಟಿತು.

"ಪ್ರೊಸೆಸರ್ ಚೆನ್ನಾಗದೆ. ರೋಗ ನಾನು ಬೆಸ್ದಿರೋ ಜಾಗದಲ್ಲೇ ಅದೆ. ಆನ್ ಮಾಡ್ದಾಗ ಏನೋ ಇಂಗ್ಲಿಷಲ್ಲಿ ಬಂತಲ್ಲ, ಏನದು?"

ಹತ್ತು ದಿನದಿಂದ ನಾನು ಓದದೆ ಬಟನ್ ಒತ್ತಿ ದಾಟಿಸುತ್ತಿದ್ದ ಸಾಲು ಅದು. ಮತ್ತೆ ಆನ್ ಮಾಡಿ ಓದಿದೆ: ಚಾರ್ಜರಿನ ಗುರುತು ಸಿಗುತ್ತಿಲ್ಲ ಅಂತಿತ್ತು. ಓದು ಬರುವವನು ನಾನು, ಓದಿಸಿದವರು ಅವರು. ನಾಚಿಕೆಯಾಯಿತು.

ಸಾಹೇಬರು ತಮ್ಮ ಚುಕ್ಕೆಯನ್ನು ತಾವೇ ಕೆರೆದು ತೆಗೆದರು. ಒಳಗೆ ಸಾಕೆಟ್ಟಿನಿಂದ ಮೂರು ತಂತಿ ಬಂದಿದ್ದವು. ದಪ್ಪನೆಯ ಎರಡನ್ನು ಬೆಸೆದಿದ್ದರು. ಕೂದಲೆಳೆಯಂಥ ಮೂರನೆಯದನ್ನು ಮಡಿಸಿ ಟೇಪು ಸುತ್ತಿಟ್ಟಿದ್ದರು. ಕರೆಂಟಿಗೆ ಹೋಗಲು ಒಂದು, ಬರಲು ಒಂದು, ಎರಡು ತಂತಿ ಸಾಕು ಅನ್ನುವುದು ರೇಡಿಯೋ ಕಲಿಸಿದ ಪಾಠ.

"ಇದು ಕರೆಂಟಿನ್ದಲ್ಲ, ಗುರ್ತು ಹೇಳೋ ತಂತಿ ಇರ್ಬೇಕು. ಗುರ್ತಿಲ್ದವ್ರ ಮನೇಲಿ ಊಟಕ್ಕೆ ಕೂತೋನು ಎರಡನೇ ಸಲ ಬಡಿಸ್ಕೊಂಡಾನಾ? ಹಂಗೇ ಸಂಕೋಚ ಪಟ್ಕೊಂಡು ನಿಧಾನಕ್ಕೆ ಕೆಲ್ಸ ಮಾಡ್ತಾ ಅದೆ."

ಬೆಸೆದರು. ಚಾರ್ಜರ್ ಚುಚ್ಚಿ ಆನ್ ಮಾಡಿದರೆ ಇಂಗ್ಲಿಷ್ ಸಾಲು ಮಾಯ. ಪತ್ರಿಕೆ ಒಂದೇ ಏಟಿಗೆ ತೆರೆದುಕೊಂಡಿತು.

ಹಾಳಾದ ಪ್ರೊಸೆಸರನ್ನು ಸರಿ ಮಾಡಿದೆ ಅಂತ ಅವರು ಹೇಳಿದ್ದರೂ ನಾವು ನಂಬುತ್ತಿದ್ದೆವು, ಹಾರ ಹಾಕುತ್ತಿದ್ದೆವು. ಸಾಹೇಬರು ತಲೆಯೆತ್ತಿ ಎಲ್ಲರಿಗೂ ಕೇಳುವಂತೆ, "ಮಾದಣ್ಣ, ತಪ್ಪು ನಂದೇ. ಒಂದು ತಂತಿ ಬುಟ್ಬುಟ್ಟಿದ್ದೆ" ಅಂದರು. ಆಮೇಲೆ ತಿರುಪು ಬಿಗಿದು, ಉಗುರುಬಣ್ಣದ ಬಾಟಲಿ ತೆಗೆದು, ಒಂದರ ಪಕ್ಕ ಒಂದು, ಎರಡು ಚುಕ್ಕೆ ಇಟ್ಟರು.

"ಎರಡ್ಯಾಕೆ ಸಾಹೇಬ್ರೆ?" ಅಂದೆ.

"ಎರಡು ಸಲ ಬಿಚ್ಚಿದ್ದೀನಲ್ಲ. ನೋಡ್ದೋರ್ಗೆ ಗೊತ್ತಾಗ್ಲಿ."

ಇಂಥವರ ಎದುರು ಅಂಗಡಿ ಇಟ್ಟವನು ನಾನು ಅಂತ ಅವತ್ತು ನನ್ನ ಎದೆ ಉಬ್ಬಿತು. ಈಗಲೂ ಉಬ್ಬುತ್ತದೆ. ಮಾದಣ್ಣ ಮಾತ್ರ ಅವತ್ತು ಆಗಲೇ ಎದ್ದು ಮಂಡಿಗೆ ಹೋದ. ಮುಂದಿನ ವಾರ ಮಂಡಿಯ ಕೆಟ್ಟ ಕಂಪ್ಯೂಟರನ್ನು ತಾನೇ ಹೊತ್ತುಕೊಂಡು ಬಂದು ಸಾಹೇಬರ ಮೇಜಿನ ಮೇಲಿಟ್ಟ.

"ಮೈಸೂರ್ಗೆ ತಕ್ಕೊಂಡೋಗು ಅಂದ್ರು. ನಾನು ಒಲ್ಲೆ ಅಂದೆ. ಎರಡು ಚುಕ್ಕೆ ಬಿದ್ರೂ ಪರ್ವಾಗಿಲ್ಲ ಸಾಹೇಬ್ರೆ, ನೀವೇ ಬಿಚ್ಚಿ."