ಗೌರಿ ಅಲುಗಾಡಲಿಲ್ಲ

ನಾನು ನಾಲಿಗೆ ಚಾಚಬೇಕಿತ್ತು. ಚಾಚಲಿಲ್ಲ. ನನ್ನ ತಪ್ಪನ್ನು ಇಷ್ಟರಲ್ಲೇ ಹೇಳಿ ಮುಗಿಸಬಹುದು — ಕೇಳಿದವರು ನಗಲೂಬಹುದು. ನಾಲಿಗೆ ಚಾಚಿದರೆ ತಾನೆ ತಪ್ಪು, ಚಾಚದೆ ಇದ್ದದ್ದು ಹೇಗೆ ತಪ್ಪಾಗುತ್ತದೆ ಎಂದು ಕೇಳಬಹುದು. ಆದರೆ ನಾನು ಚಾಚುತ್ತೇನೆಂದು ನಂಬಿ ಇನ್ನೊಬ್ಬಳು ಚಾಚಿದಳು. ಅವಳು ರತ್ನಿ, ನನ್ನ ಗೆಳತಿ. ಆ ಒಂದು ಗಳಿಗೆಯಿಂದಾಗಿ ಅವಳು ಊರು ಬಿಟ್ಟಳು, ಶಾಲೆ ಬಿಟ್ಟಳು. ನನಗೆ ಒಂದು ಸ್ಟೀಲ್ ಡಬ್ಬಿ ಬಹುಮಾನ ಬಂತು. ಆ ಡಬ್ಬಿಯಲ್ಲಿ ನಮ್ಮವ್ವ ಇವತ್ತಿಗೂ ಸಾಸಿವೆ ತುಂಬಿಡುತ್ತಾಳೆ.

ಇದು ಎಪ್ಪತ್ತರ ದಶಕದ ಹೊನ್ನಾಳಿಯ ಮಾತು. ನಮ್ಮ ಮನೆ ಪೇಟೆ ಬೀದಿಯಲ್ಲಿತ್ತು. ರತ್ನಿ ಇದ್ದದ್ದು ಹೊಳೆ ಬೀದಿಯಲ್ಲಿ, ಅವಳ ಸೋದರತ್ತೆ ಚೆನ್ನಬಸಮ್ಮನವರ ಮನೆಯಲ್ಲಿ. ರತ್ನಿಗೆ ತಾಯಿ ಇರಲಿಲ್ಲ; ತಂದೆ ಜಗಳೂರಿನಲ್ಲಿ ಇನ್ನೊಂದು ಮದುವೆಯಾಗಿದ್ದ. ಅಲ್ಲಿ ಚಿಕ್ಕಮ್ಮ, ಅವಳ ಸಣ್ಣ ಮಕ್ಕಳು — ಅಲ್ಲಿಗೆ ಹೋದರೆ ತನಗೆ ಶಾಲೆಯಲ್ಲ, ತೊಟ್ಟಿಲು ತೂಗುವ ಕೆಲಸ ಎಂದು ರತ್ನಿಗೆ ಚೆನ್ನಾಗಿ ಗೊತ್ತಿತ್ತು. ಚೆನ್ನಬಸಮ್ಮ ಕೆಟ್ಟವರಲ್ಲ. ಆದರೆ ಮಕ್ಕಳಿಲ್ಲದ ಮನೆ, ಎಲ್ಲವೂ ಇಟ್ಟಲ್ಲಿ ಇರಬೇಕು. ರತ್ನಿಯೋ ಕೂತಲ್ಲಿ ಕೂರುವವಳಲ್ಲ. "ಹಿಂಗೆ ಕುಣಿದಾಡ್ತಾ ಇದ್ರೆ ಜಗಳೂರು ಬಸ್ಸು ಹತ್ತಿಸಿಬಿಡ್ತೀನಿ ನೋಡು" ಎಂಬ ಮಾತು ಆ ಮನೆಯಲ್ಲಿ ದಿನಾ ಕೇಳುತ್ತಿತ್ತು. ನಾವಿಬ್ಬರೂ ಅದಕ್ಕೆ ನಗುತ್ತಿದ್ದೆವು. ರತ್ನಿ ನನಗಿಂತ ಒಂಚೂರು ಕಡಿಮೆ ನಗುತ್ತಿದ್ದಳು — ಅದು ನನಗೆ ಈಗ ನೆನಪಾಗುತ್ತದೆ.

ನಮ್ಮ ಕಡೆ ಗೌರಿ ಹುಣ್ಣಿಮೆ ಎಂದರೆ ಹೆಣ್ಣುಮಕ್ಕಳ ಹಬ್ಬ. ಮರದ ಅಚ್ಚಿಗೆ ಸಕ್ಕರೆ ಪಾಕ ಹೊಯ್ದು ಗಿಣಿ, ನವಿಲು, ಆನೆ, ಬಸವಣ್ಣ ಮಾಡುತ್ತಾರೆ. ಆ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು, ನಡುವೆ ದೀಪ ಹಚ್ಚಿ, ಹೊಸ ಲಂಗ ಉಟ್ಟ ಹುಡುಗಿಯರು ಗೌರಿಗೆ ಆರತಿ ಬೆಳಗುತ್ತಾರೆ. ಆಮೇಲೆ ಗೊಂಬೆಗಳು ನಮ್ಮವೇ. ನಾನು ಗಿಣಿಯ ತಲೆಯನ್ನೇ ಮೊದಲು ಕಡಿಯುತ್ತಿದ್ದೆ. ರತ್ನಿ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. "ಬಾಲದ ಕಡೆಯಿಂದ ತಿನ್ನೇ, ಗಿರಿಜಾ. ಅದಕ್ಕೆ ಗೊತ್ತಾಗಬಾರ್ದು." ಗೊಂಬೆಗಳಿಗೆಲ್ಲ ಜೀವ ಇರುತ್ತದೆ, ನಾವು ನೋಡುವಾಗ ಮಾತ್ರ ಅವು ಸುಮ್ಮನಿರುತ್ತವೆ ಎಂಬುದು ಅವಳ ಗಟ್ಟಿ ನಂಬಿಕೆ. ಲೆಕ್ಕದಲ್ಲಿ ಇಡೀ ತರಗತಿಗೆ ಮೊದಲಿಗಳಾಗಿದ್ದ ಹುಡುಗಿ, ಇದೊಂದರಲ್ಲಿ ಮಾತ್ರ ಯಾರು ಹೇಳಿದರೂ ಕೇಳುತ್ತಿರಲಿಲ್ಲ. ಬಾಲದಿಂದ ಶುರು ಮಾಡಿ ಕೊಕ್ಕಿನವರೆಗೆ ಅವಳು ಒಂದು ಗಿಣಿಯನ್ನು ಇಡೀ ಮಧ್ಯಾಹ್ನ ತಿನ್ನುತ್ತಿದ್ದಳು, ಮತ್ತೆ ಮತ್ತೆ ಅದರ ಕಣ್ಣು ನೋಡುತ್ತ. ನನ್ನದು ಯಾವಾಗಲೋ ಮುಗಿದಿರುತ್ತಿತ್ತು. ಅವಳದರ ಅರ್ಧ ನನಗೇ ಸಿಗುತ್ತಿತ್ತು.

ನಾವು ಆರನೆಯ ತರಗತಿಯಲ್ಲಿದ್ದಾಗ ನಾವೇ ಗೊಂಬೆಗಳಾದೆವು. ಊರಿನಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದ ಸರೋಜಕ್ಕ ಎಲ್ಲೋ ಜೀವಂತ ಗೊಂಬೆ ಕೂರಿಸಿದ್ದನ್ನು ನೋಡಿ ಬಂದಿದ್ದರು. ಈ ಹುಣ್ಣಿಮೆಗೆ ನಮ್ಮಲ್ಲೂ ಆಗಲಿ ಎಂದರು. ನಡುವೆ ಶಿವನ ದೊಡ್ಡ ಪಟ. ಒಂದು ಕಡೆ ಗಂಗೆ, ಇನ್ನೊಂದು ಕಡೆ ಗೌರಿ. ಹೊಳೆ ಬೀದಿಯವರು ಗಂಗೆಯನ್ನು ಕೊಡಬೇಕು, ಪೇಟೆ ಬೀದಿಯವರು ಗೌರಿಯನ್ನು. ರೆಪ್ಪೆ ಬಡಿಯಬಹುದು, ಅಷ್ಟೆ. ನಗಬಾರದು, ಕೆರೆದುಕೊಳ್ಳಬಾರದು, ಅಲುಗಾಡಬಾರದು. ಆರತಿ ಮುಗಿಯುವವರೆಗೆ ಯಾವ ಗೊಂಬೆ ಗೊಂಬೆಯಾಗಿಯೇ ಇರುತ್ತದೋ ಆ ಬೀದಿಯ ತಟ್ಟೆಗಳು ಮೆರವಣಿಗೆಯಲ್ಲಿ ಮುಂದೆ, ಆ ಗೊಂಬೆಗೊಂದು ಬಹುಮಾನ. ನನ್ನ ಹೆಸರೇ ಗಿರಿಜಾ, ಹಾಗಾಗಿ ಗೌರಿಯ ಪಾತ್ರಕ್ಕೆ ಯಾರನ್ನೂ ಹುಡುಕಲಿಲ್ಲ. ಹೊಳೆ ಬೀದಿಯವರು ರತ್ನಿಯ ದೊಡ್ಡ ಕಣ್ಣು ನೋಡಿ ಅವಳನ್ನು ಆರಿಸಿದರು.

ಮೊದಮೊದಲು ಅದು ಆಟವೇ. ಆದರೆ ಗಂಗೆ ಗೌರಿಯರು ಸವತಿಯರಲ್ಲವೆ — ಆ ಜಗಳ ದೊಡ್ಡ ಹೆಂಗಸರ ಮೈಮೇಲೆ ಬಂದುಬಿಟ್ಟಿತು. ನೀರಿಗೆ ಹೋದಲ್ಲಿ, ಹಿಟ್ಟು ಬೀಸಿಸಲು ಹೋದಲ್ಲಿ ಅದೇ ಮಾತು. "ನಮ್ಮ ಗಂಗವ್ವ ಶಿವನ ತಲೆ ಮ್ಯಾಲೆ ಕುಂತೋಳು ಕಣ್ರೀ, ನಿಮ್ಮ ಗೌರವ್ವ ಪಕ್ಕದಾಗೆ ಕುಂತೋಳು" ಎಂದು ಹೊಳೆ ಬೀದಿಯವರು. "ಕಟ್ಕಂಡೋಳು ಯಾರು ಅನ್ನೋದನ್ನ ಮೊದ್ಲು ನೋಡ್ರಿ" ಎಂದು ನಮ್ಮವ್ವ. ಹಬ್ಬ ಮುಗಿಯುವ ತನಕ ನಾವಿಬ್ಬರೂ ಕೂಡಿ ಆಡಬಾರದೆಂದು ಎರಡೂ ಮನೆಯಲ್ಲಿ ಕಟ್ಟಪ್ಪಣೆಯಾಯಿತು. ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂರುತ್ತಿದ್ದ ನಮ್ಮ ನಡುವೆ ಯಾರೋ ಇನ್ನೊಬ್ಬಳನ್ನು ತಂದು ಕೂರಿಸಿದರು. ನಮಗೆ ಗೆಲ್ಲುವುದೂ ಬೇಕಿರಲಿಲ್ಲ, ಸೋಲುವುದೂ ಬೇಕಿರಲಿಲ್ಲ. ಒಬ್ಬರ ಮೇಲೊಬ್ಬರು ಯಾಕೆ ಹಟ ಸಾಧಿಸಬೇಕೆಂದು ನಿಜವಾಗಿಯೂ ನಮಗೆ ತಿಳಿಯಲಿಲ್ಲ.

ಉಪಾಯ ಹೂಡಿದವಳು ನಾನು. ಇದನ್ನು ನುಂಗಿಕೊಂಡು ಮುಂದೆ ಹೋಗುವುದು ಸುಲಭ, ಆದರೆ — ನಾನೇ. ಶಾಲೆಯ ಹಿಂದಿನ ಹುಣಸೆಮರದ ಕೆಳಗೆ ಕದ್ದು ಸೇರಿದ್ದೆವು. ಆರತಿ ತಟ್ಟೆ ನಮ್ಮ ನಡುವೆ ಬಂದ ಕೂಡಲೆ ಇಬ್ಬರೂ ಒಟ್ಟಿಗೆ ನಾಲಿಗೆ ಚಾಚೋಣ ಎಂದೆ. ಇಬ್ಬರೂ ಸೋತರೆ ಯಾರೂ ಗೆಲ್ಲುವುದಿಲ್ಲ. ಎಲ್ಲರೂ ನಗುತ್ತಾರೆ, ಜಗಳ ಮುಗಿಯುತ್ತದೆ. ರತ್ನಿ ಕೂಡಲೆ ಒಪ್ಪಲಿಲ್ಲ. ಕೈಯಲ್ಲಿದ್ದ ಹುಣಸೆ ಬೀಜವನ್ನು ಉಜ್ಜುತ್ತ, "ಅತ್ತೆ ಕಳಿಸಿಬಿಟ್ರೆ?" ಎಂದಳು.

"ಒಬ್ಳೇ ಮಾಡಿದ್ರೆ ತಪ್ಪು ಕಣೆ. ಇಬ್ರೂ ಮಾಡಿದ್ರೆ ಆಟ" ಎಂದೆ ನಾನು.

ಆ ಮಾತು ಅವಳಿಗೆ ಹಿಡಿಸಿತು. ನಕ್ಕಳು. ಬೀಜವನ್ನು ನನ್ನ ಅಂಗೈಯಲ್ಲಿಟ್ಟು ಮಡಚಿದಳು, ಆಣೆ ಹಾಕಿದ ಹಾಗೆ.

ಹುಣ್ಣಿಮೆಯ ಸಂಜೆ ಇನ್ನೂ ಬೆಳಕಿರುವಾಗಲೇ ನಮ್ಮನ್ನು ಹೊಲಿಗೆ ಕ್ಲಾಸಿನ ಹಜಾರದಲ್ಲಿ, ಜೋಡಿಸಿದ ಮೇಜುಗಳ ಮೇಲೆ ಕೂರಿಸಿದರು. ಮುಖಕ್ಕೆ ಗೋಡೆಗೆ ಸುಣ್ಣ ಬಳಿದ ಹಾಗೆ ಪೌಡರು, ತಲೆಗೆ ಬೇಗಡೆ ಅಂಟಿಸಿದ ರಟ್ಟಿನ ಕಿರೀಟ, ಮೈಗೆ ಅವ್ವನ ಹಸಿರು ಸೀರೆ, ಅದು ಜಾರದ ಹಾಗೆ ಎಲ್ಲೆಲ್ಲೂ ಪಿನ್ನು. ರತ್ನಿ ನನ್ನ ಎದುರಿಗೆ, ಸ್ವಲ್ಪ ಓರೆಯಾಗಿ, ನೀಲಿ ಸೀರೆಯಲ್ಲಿ. ಕಿಟಕಿಯಲ್ಲಿ ಹುಡುಗರು ಕೋತಿಗಳ ಹಾಗೆ ಹಲ್ಲು ಕಿರಿದರು, ನಾವು ಕದಲಲಿಲ್ಲ. ಕೂತಲ್ಲಿ ಕೂರದ ರತ್ನಿ ಅಂದು ಎಷ್ಟು ನಿಶ್ಚಲವಾಗಿದ್ದಳೆಂದರೆ, ಬಾಗಿಲ ಬಳಿ ನಿಂತ ಚೆನ್ನಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದನ್ನು ನಾನು ಕಂಡೆ. ಅವರು ಹಾಗೆ ಹೆಮ್ಮೆಪಟ್ಟಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆಮೇಲೆ ಜನ ಬಂದರು. ನನಗೆ ಬೈಯುತ್ತಿದ್ದ ಅಜ್ಜಿಯಂದಿರು ನನಗೆ ಕೈ ಮುಗಿದರು. ಯಾರೋ ಕಾಲಿಗೆ ಕುಂಕುಮ ಹಚ್ಚಿದರು. ನಮ್ಮವ್ವ ಎಲ್ಲರ ಹಿಂದೆ ತುದಿಗಾಲಲ್ಲಿ ನಿಂತು, ನಾನು ಯಾರೋ ಬೇರೆಯವರ ಮಗಳೇನೋ ಎಂಬಂತೆ ನನ್ನನ್ನೇ ನೋಡುತ್ತಿದ್ದಳು. ಏನು ಹೇಳಲಿ — ನನಗೆ ಅದು ಇಷ್ಟವಾಯಿತು. ಹೆದರಿಕೆಯಿಂದ ಸುಮ್ಮನಾದೆ, ಮರೆತುಹೋಯಿತು ಎಂದೆಲ್ಲ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನನಗೆ ದೇವಿಯಾಗಿ ಇರುವುದು ಇಷ್ಟವಾಯಿತು, ಇನ್ನೂ ಸ್ವಲ್ಪ ಹೊತ್ತು ಬೇಕೆನಿಸಿತು.

ಆರತಿ ತಟ್ಟೆ ನಮ್ಮ ನಡುವೆ ಬಂತು. ಸಕ್ಕರೆ ಗಿಣಿಗಳು ದೀಪದ ಬೆಳಕಿಗೆ ಹೊಳೆಯುತ್ತಿದ್ದವು. ರತ್ನಿ ನನ್ನನ್ನು ನೋಡಿದಳು. ಕಣ್ಣಲ್ಲೇ ನಕ್ಕಳು. ನಾಲಿಗೆ ಚಾಚಿದಳು — ಉದ್ದಕ್ಕೆ, ಮನಸಾರೆ.

ನಾನು ನೋಡುತ್ತಲೇ ಇದ್ದೆ.

ಯಾರೂ ನಗಲಿಲ್ಲ. ಹಾಡು ಅರ್ಧಕ್ಕೆ ನಿಂತಿತು. ಒಬ್ಬಳೇ ಮಾಡಿದ್ದರಿಂದ ಅದು ಆಟವಾಗಲಿಲ್ಲ. ಬೆಳಗುವ ಆರತಿಯನ್ನೇ, ಗೌರಿಯನ್ನೇ ಅಣಕಿಸಿದ ಹಾಗಾಯಿತು. ರತ್ನಿಯ ನಾಲಿಗೆ ಇನ್ನೂ ಹೊರಗೇ ಇತ್ತು, ನನಗಾಗಿ ಕಾಯುತ್ತ. ಚೆನ್ನಬಸಮ್ಮ ಜನರನ್ನು ತಳ್ಳಿಕೊಂಡು ಬಂದು ಅವಳ ರಟ್ಟೆ ಹಿಡಿದು ಕೆಳಗೆಳೆದರು. ಕಿರೀಟ ಬಿತ್ತು. ಆಗಲೂ ನಾನು ಅಲುಗಾಡಲಿಲ್ಲ. ಆರತಿ ಪೂರ್ತಿಯಾಗುವವರೆಗೆ ಹಾಗೇ ಕೂತಿದ್ದೆ.

ಇಷ್ಟಾದರೂ ಸರಿಪಡಿಸಲು ಒಂದು ದಾರಿ ಇತ್ತು. ಮರುದಿನ ಬೆಳಿಗ್ಗೆ ಚೆನ್ನಬಸಮ್ಮ ನನ್ನನ್ನು ಮನೆಗೆ ಕರೆಸಿದರು. ರತ್ನಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಸದ್ದು ಕೇಳುತ್ತಿತ್ತು. ಅವರು ಸಿಟ್ಟಿನಲ್ಲಿರಲಿಲ್ಲ, ಅದೇ ಕಷ್ಟ. ರಾತ್ರಿಯೆಲ್ಲ ಅತ್ತಿದ್ದರೇನೋ. ನನ್ನನ್ನು ಹತ್ತಿರ ಕೂರಿಸಿಕೊಂಡು, "ನೋಡವ್ವಾ, ಆಕಿ ಹುಡುಗಾಟದೋಳು, ಕೆಟ್ಟೋಳಲ್ಲ. ನೀವಿಬ್ರೂ ಏನಾರ ಮಾತಾಡ್ಕಂಡಿದ್ರಾ? ಹಂಗಿದ್ರೆ ಹೇಳು, ನಾನೇನೂ ಅನ್ನಲ್ಲ" ಎಂದರು.

"ಇಲ್ಲ ಅತ್ತೆ. ನಂಗೇನೂ ಗೊತ್ತಿಲ್ಲ" ಎಂದೆ.

ಅವರು ತಲೆಯಾಡಿಸಿದರು. ನನ್ನ ಕೈಗೆ ಒಂದು ಸಕ್ಕರೆ ಗಿಣಿ ಕೊಟ್ಟು ಕಳಿಸಿದರು. ಆ ವಾರವೇ ರತ್ನಿಯನ್ನು ಜಗಳೂರು ಬಸ್ಸು ಹತ್ತಿಸಿದರು. ನಾನು ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ.

ನನ್ನ ಹೆಸರು ಮಾತ್ರ ಬೆಳೆಯಿತು. ಅಲುಗಾಡದ ಗೌರಿ! ಚನ್ನಗಿರಿಯಿಂದ ಹೆಣ್ಣು ನೋಡಲು ಬಂದವರಿಗೂ ಅವ್ವ ಅದನ್ನೇ ಹೇಳಿದಳು — ಎದುರಿಗೆ ಅಂಥಾ ಗಲಾಟೆ ನಡೆದರೂ ನಮ್ಮ ಹುಡುಗಿ ರೆಪ್ಪೆ ಅಲುಗಿಸಲಿಲ್ಲ ಎಂದು. ಅವರು ಮೆಚ್ಚಿಕೊಂಡರು. ನಾನು ಓದಿದೆ, ಟೀಚರಾದೆ, ಮದುವೆಯಾದೆ. ಈಗ ನ್ಯಾಮತಿಯಲ್ಲಿ ಗಂಡ, ಮಗಳ ಜೊತೆ ಇದ್ದೇನೆ. ಇದರಲ್ಲಿ ಯಾವುದನ್ನೂ ರತ್ನಿಯಿಂದ ಕಿತ್ತುಕೊಂಡಿದ್ದಲ್ಲ ಎಂದು ಹೇಳಬಹುದು. ಹೇಳಿಕೊಂಡಿದ್ದೇನೆ ಕೂಡ. ಆದರೆ ತರಗತಿಯಲ್ಲಿ ಯಾವುದಾದರೂ ಹುಡುಗಿ ನನಗಿಂತ ಮೊದಲೇ ಲೆಕ್ಕ ಬಿಡಿಸಿ ಎದ್ದು ನಿಂತರೆ —

ಹೋದ ವರ್ಷ ನೆಂಟರ ಮದುವೆಗೆಂದು ಜಗಳೂರಿಗೆ ಹೋದಾಗ ಕೇಳಿಕೊಂಡು ಅವಳ ಮನೆಗೆ ಹೋದೆ. ಗಂಡನದು ಹಿಟ್ಟಿನ ಗಿರಣಿ. ಗಿರಣಿಯೊಳಗಿಂದ ಮುಖ ತುಂಬ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದಳು — ಅಂದಿನ ಪೌಡರಿನ ಮುಖವೇ. ನನ್ನನ್ನು ಗುರುತು ಹಿಡಿದು, ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡಳು. ಏಳನೆಯ ತರಗತಿಗೂ ಕಳಿಸಲಿಲ್ಲವಂತೆ. ಅದನ್ನು ಹೇಳುವಾಗ ಅವಳ ದನಿಯಲ್ಲಿ ದೂರಿರಲಿಲ್ಲ. ಚಹಾ ಕುಡಿಯುವಾಗ ಆ ಮಾತು ತೆಗೆದವಳು ಅವಳೇ.

"ನಂಗೆ ಆವತ್ತೇ ಗೊತ್ತಿತ್ತು ಬಿಡು. ಲೋಬಾನದ ಹೊಗೆ ನಿನ್ನ ಕಡೆಗೇ ಬರ್ತಿತ್ತು. ನಿಂಗೆ ನಾನು ಕಾಣ್ಲಿಲ್ಲ. ಆಮ್ಯಾಲೆ ನೀನು ನಮ್ಮತ್ತೆಗೆ ಎಲ್ಲಾ ಹೇಳಿರ್ತೀಯ, ಆಕಿ ಕೇಳಿರಲ್ಲ. ಹೌದಿಲ್ಲೋ?"

ಇಷ್ಟು ವರ್ಷ ಅವಳು ನನಗಾಗಿ ಒಂದು ಹೊಗೆಯನ್ನು ಕಾಪಾಡಿಕೊಂಡು ಬಂದಿದ್ದಳು. ಲೋಬಾನ ಹಚ್ಚಿದ್ದು ನಿಜ. ಆದರೆ ಬಾಗಿಲ ಹೊರಗೆ. ನಾನು ಲೋಟ ಕೆಳಗಿಟ್ಟೆ. ಬಾಯಿ ತೆರೆದೆ. "ಹೂಂ ಕಣೆ, ಹೊಗೆ" ಎಂದೆ.

ಮೊದಲನೆಯದು ಮಕ್ಕಳ ತಪ್ಪೆಂದು ಯಾರಾದರೂ ಹೇಳಬಹುದು. ಇದಕ್ಕೆ ಏನೆನ್ನುತ್ತಾರೆ?

ಈ ಸಲ ಗೌರಿ ಹುಣ್ಣಿಮೆಗೆ ಅವ್ವ ನ್ಯಾಮತಿಗೆ ಬಂದಿದ್ದಾಳೆ. ನಿನ್ನೆ ಒಗ್ಗರಣೆಗೆಂದು ಅದೇ ಡಬ್ಬಿಯಿಂದ ಸಾಸಿವೆ ತೆಗೆಯುತ್ತ — ಅದನ್ನು ಎಲ್ಲಿಗೆ ಹೋದರೂ ಹೊತ್ತು ತರುತ್ತಾಳೆ — ನನ್ನ ಮಗಳಿಗೆ ಆ ಕಥೆ ಶುರು ಮಾಡಿದಳು. ಮಗಳು ಕೇಳಿದಳು: "ಗಂಗೆಯಾಗಿ ಯಾರು ಕುಂತಿದ್ರು ಅಜ್ಜಿ?"

"ಯಾರೋ ಹೊಳೆ ಬೀದಿ ಹುಡುಗಿ. ನಾಲಿಗೆ ಚಾಚಿ ಮಾನ ಕಳ್ಕಂಡ್ಳು."

"ಯಾಕೆ ಚಾಚಿದ್ಳು?"

ಇಷ್ಟು ವರ್ಷಗಳಲ್ಲಿ, ನೂರು ಸಲ ಹೇಳಿದ ಕಥೆಯಲ್ಲಿ, ಚೆನ್ನಬಸಮ್ಮನವರನ್ನು ಬಿಟ್ಟರೆ ಯಾರೂ ಇದನ್ನು ಕೇಳಿರಲಿಲ್ಲ. ಅವ್ವ ಒಲೆಯ ಮೇಲಿನ ಎಣ್ಣೆಯ ಕಡೆ ತಿರುಗಿದಳು. "ನಾನು ಚಾಚು ಅಂದಿದ್ದೆ, ಅದಕ್ಕೆ" ಎಂದೆ ನಾನು. ಆಮೇಲೆ ಎಲ್ಲವನ್ನೂ ಹೇಳಿದೆ. ಎಣ್ಣೆ ಕಾದು ಸೀದುಹೋಯಿತು. ಅವ್ವ ಒಲೆ ಆರಿಸಿ, "ಈಗ್ಯಾಕೆ ಅದೆಲ್ಲ, ಆಕಿನೂ ಮರ್ತಿರ್ತಾಳೆ" ಎಂದಳು. ಮಗಳು ತನ್ನ ಪಾಲಿನ ಸಕ್ಕರೆ ಗಿಣಿಯನ್ನು ತಂದು ನನ್ನ ಮುಂದಿಟ್ಟಳು.

ಅದನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡಿದ್ದೇನೆ. ನಾಳೆ ದಾವಣಗೆರೆಗೆ ಹೋಗಿ ಅಲ್ಲಿಂದ ಜಗಳೂರಿನ ಬಸ್ಸು ಹಿಡಿಯುತ್ತೇನೆ. ಎದುರಿಗೆ ನಿಂತಾಗ ಮತ್ತೆ ಗೊಂಬೆಯಾಗಿಬಿಟ್ಟೇನು ಎಂಬ ಭಯಕ್ಕೆ ಇದನ್ನೆಲ್ಲ ಇಲ್ಲಿ ಮೊದಲು ಬರೆದಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ, ಅರ್ಧ ಗಿಣಿ ಕೊಡುತ್ತಿದ್ದ ಹಾಗೆ. ಹೇಳಬೇಕಾದ ಮಾತು ಇಷ್ಟೇ.

ಹೊಗೆ ಇರಲಿಲ್ಲ, ರತ್ನಿ. ನೀನು ನನಗೆ ಚೆನ್ನಾಗಿ ಕಾಣುತ್ತಿದ್ದೆ.