ಪೋರ್ಟಿಕೋದಲ್ಲಿ ಐದು ದಿನ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಹಾಸನದಲ್ಲಿ ನಾವು ಭೋಗ್ಯಕ್ಕೆ ಹಾಕಿಕೊಂಡಿದ್ದ ಮನೆಯ ಗೋಡೆಗೆ ಬ್ಯಾಂಕಿನ ಇಬ್ಬರು ಗೋಂದು ಹಚ್ಚುತ್ತಿದ್ದರು. ಅಮ್ಮ ಹೊಲಿಗೆ ಬಿಟ್ಟು ಎದ್ದು ಬಂದಳು.

"ಏನ್ ಸಾ ಅಂಟಿಸ್ತಿರಾದು? ಎಲೆಕ್ಷನ್ ಮುಗೀತಲ್ಲ?"

"ಮನೆ ಜಪ್ತಿ ಕಣಮ್ಮ. ನಿಮ್ಮ ಓನರ್ ಸಾಲ ಕಟ್ಟಿಲ್ಲ. ಹದಿನೈದು ದಿನದಲ್ಲಿ ಖಾಲಿ ಮಾಡ್ಬೇಕು."

ನಾವು ಕೊಟ್ಟಿದ್ದು ಐದು ಲಕ್ಷ, ಮೂರು ವರ್ಷಕ್ಕೆ. ಬಾಡಿಗೆ ಉಳಿಯುತ್ತದೆ, ಅವಧಿ ಮುಗಿದ ಮೇಲೆ ಅದೇ ದುಡ್ಡು ವಾಪಸ್ ಬಂದು ಸ್ವಂತ ಮನೆಗೆ ಮುಂಗಡವಾಗುತ್ತದೆ ಎಂದುಕೊಂಡಿದ್ದೆವು. ಅದರಲ್ಲಿ ಎರಡು ಲಕ್ಷ ಸೊಸೈಟಿ ಸಾಲ. ಅಪ್ಪನ ಸಂಬಳದಿಂದ ಇನ್ನೂ ಕಂತು ಹೋಗುತ್ತಿತ್ತು. ಉಳಿದದ್ದು ಅಮ್ಮ ಇಪ್ಪತ್ತು ವರ್ಷ ರವಿಕೆ ಹೊಲಿದು ಕೂಡಿಸಿದ್ದು.

ಕರಾರು ಪತ್ರ ಓದಿ ಸರಿಯಿದೆ ಎಂದವಳು ನಾನು. ಬಿ.ಕಾಂ. ಮಾಡಿದ್ದೇನೆ. ಮನೆಯ ಮೇಲೆ ಸಾಲವಿದೆಯೇ ಎಂದು ತಿಳಿಯಲು ಋಣಭಾರ ಪತ್ರ ತೆಗೆಸಬೇಕೆಂಬುದು ಗೊತ್ತಿತ್ತು. ಆದರೆ ಚನ್ನರಾಯಪಟ್ಟಣದ ಆ ಮಾಲೀಕರು ಚಿಕ್ಕಪ್ಪನ ಬೀಗರು. ಮಾತುಕತೆಯ ದಿನ ಒಬ್ಬಟ್ಟಿನ ಊಟ ಹಾಕಿ, ಅಮ್ಮನಿಗೆ ಕುಂಕುಮ, ರವಿಕೆ ಕಣ ಕೊಟ್ಟು ಕಳಿಸಿದ್ದರು. ಅಂಥವರ ಬೆನ್ನ ಹಿಂದೆ ದಾಖಲೆ ಹುಡುಕುವುದು ಹೇಗೆ? ಹುಡುಕಲಿಲ್ಲ. ಕರಾರನ್ನು ನೋಂದಣಿಯೂ ಮಾಡಿಸಲಿಲ್ಲ. ಆ ಖರ್ಚು ಉಳಿಯಿತೆಂದು ಖುಷಿಪಟ್ಟೆವು.

ನೋಟಿಸ್ ಹಿಡಿದು ಹೋಗಿ ಕಂಡ ವಕೀಲರು ಕರಾರು ಪತ್ರ ಮಡಚಿ ನನ್ನ ಕೈಗೇ ಕೊಟ್ಟರು. ಬ್ಯಾಂಕಿನ ಎದುರು ಇದು ನಿಲ್ಲುವುದಿಲ್ಲ, ಮಾಲೀಕರ ಮೇಲೆ ದಾವೆ ಹಾಕಿದರೆ ವರ್ಷಗಟ್ಟಲೆ ಹಿಡಿಯುತ್ತದೆ ಎಂದರು. ಮಾಲೀಕರು ಫೋನ್ ಎತ್ತುವುದನ್ನೇ ಬಿಟ್ಟರು.

ಹದಿನಾಲ್ಕನೆಯ ದಿನ ಲಗೇಜ್ ಆಟೋ ಬಂತು. ಅರಕಲಗೂಡಿನ ಅಜ್ಜಿ ಮನೆಗೆ ಹೋಗಬೇಕೆಂದು ಅಪ್ಪ ಡ್ರೈವರಿಗೆ ದಾರಿ ಹೇಳುತ್ತಿದ್ದರು. ಅಮ್ಮ ಮುಂದಿನ ಸೀಟು ಹತ್ತಿ ಕುಳಿತಳು.

"ಅಲ್ಲಿಗ್ಯಾಕೆ? ಚನ್ರಾಯಪಟ್ಣಕ್ಕೆ ನಡಿಯಪ್ಪ."

ಮಾಲೀಕರದು ಮಹಡಿ ಮನೆ. ಪೋರ್ಟಿಕೋದಲ್ಲಿ ಬಿಳಿ ಕಾರು. ಅದರ ಹಿಂದೆ ನಮ್ಮ ಚಾಪೆ, ಪಾತ್ರೆ, ಗ್ಯಾಸ್ ಒಲೆ, ಹೊಲಿಗೆ ಯಂತ್ರ ಇಳಿದವು. ಅವರು ಪಂಚೆ ಎತ್ತಿ ಕಟ್ಟುತ್ತಾ ಹೊರಬಂದರು.

"ಏನಕ್ಕಾ ಇದು?"

"ಮೂರ್ ವರ್ಸ ಮನೆ ಕೊಡ್ತೀನಿ ಅಂದಿದ್ರಲ್ಲಣ್ಣ. ಆ ಮನೆ ಬ್ಯಾಂಕ್ನೋರ್ದಂತೆ. ಇನ್ನೂ ಅದ್ನಾಕು ತಿಂಗ್ಳೈತೆ, ಇಲ್ಲೇ ಇರ್ತೀವಿ. ಒಳಿಕ್ ಬರಾಕಿಲ್ಲ ಬುಡಿ, ಸಂಕೋಚ ಮಾಡ್ಕಬ್ಯಾಡಿ."

"ಪೊಲೀಸ್ನೋರ್ನ ಕರೀತೀನಿ!"

"ಕರೀರಿ. ಅವ್ರಿಗೂ ಸೇರ್ಸಿ ಅಕ್ಕಿ ಆಕ್ತೀನಿ."

ಅವರು ಕರೆಯಲಿಲ್ಲ. ಕೇಳಲು ಬಂದ ಅಕ್ಕಪಕ್ಕದವರಿಗೆಲ್ಲ ಅಮ್ಮ ದನಿ ಏರಿಸದೆ ನಡೆದದ್ದನ್ನು ನಡೆದಂತೆಯೇ ಹೇಳಿದಳು. ಎರಡನೆಯ ದಿನಕ್ಕೆ ಆ ಬೀದಿಯಿಂದಲೇ ಎರಡು ರವಿಕೆ ಹೊಲಿಯಲು ಬಂದವು.

ಮೂರನೆಯ ದಿನ ಬೆಳಿಗ್ಗೆ ಅಮ್ಮ ಕಾರಿನ ಹಿಂದೆ ಕುಳಿತು ಉಪ್ಪಿಟ್ಟು ಕೆದಕುತ್ತಿದ್ದಳು. ಮಾಲೀಕರು ಕಾರು ಹತ್ತಿ ಸ್ಟಾರ್ಟ್ ಮಾಡಿದರು.

"ಏಳ್ತೀಯಾ, ಇಲ್ವಾ?"

"ನೆನ್ನೆ ಗಂಟ ಅಕ್ಕ ಆಗಿದ್ನಲ್ಲ," ಎಂದಳು ಅಮ್ಮ, ತಿರುಗಿ ನೋಡದೆ.

ಕಾರು ಹಿಂದಕ್ಕೆ ಬಂತು. ಅಪ್ಪ ಡಿಕ್ಕಿಯನ್ನು ಎರಡೂ ಕೈಯಿಂದ ಬಡಿಯುತ್ತಿದ್ದರು. ನಾನು ಚಾಪೆಯ ಮೇಲೆ ಕೂತಲ್ಲೇ ಇದ್ದೆ. ಬಾಣಲೆಗೆ ಒಂದು ಗೇಣು ಉಳಿದಾಗ ಕಾರು ನಿಂತಿತು. ಅಮ್ಮ ಎದ್ದಿರಲಿಲ್ಲ. ಅವಳ ಕೈಯ ಸೌಟು ಮಾತ್ರ ನಿಂತುಹೋಗಿತ್ತು. ಆ ಒಂದು ನಿಮಿಷವನ್ನು ಮನಸ್ಸಿನಲ್ಲಿ ಎಷ್ಟು ಸಲ ನಡೆಸಿದ್ದೇನೋ ಲೆಕ್ಕವಿಲ್ಲ. ಕೆಲವು ಸಲ ಕಾರು ನಿಲ್ಲುವುದಿಲ್ಲ.

ಮಾಲೀಕರ ಹೆಂಡತಿ ಓಡಿಬಂದು ಕಾರಿನ ಬಾಗಿಲು ತೆಗೆದು ಕೀ ಕಿತ್ತುಕೊಂಡರು. "ಮನ್ಷ ಅಲ್ವಾ ನೀವು? ಇಳೀರಿ ಕೆಳಿಕ್ಕೆ! ಈ ದರಿದ್ರದ ಕಾರ್ ಮಾರಿ ಅವ್ರ ದುಡ್ಡು ಬಿಸಾಕಿ."

ಕಾರು ಮಾರಿದ ದುಡ್ಡಿಗೆ ಅವರು ತಮ್ಮ ಬಳೆ ಅಡವಿಟ್ಟು ತಂದದ್ದೂ ಸೇರಿ, ಐದನೆಯ ದಿನ ಐದು ಲಕ್ಷವೂ ನನ್ನ ಖಾತೆಗೆ ಬಂತು. ಮೆಸೇಜನ್ನು ನಾನು ಓದಿದ್ದು ಸಾಲದೆಂದು ಅಪ್ಪನಿಂದಲೂ ಓದಿಸಿ ಆಮೇಲೆ ಅಮ್ಮ ಒಲೆ ಎತ್ತಿದಳು.

ಬೀಗರ ಬಾಗಿಲಲ್ಲಿ ಒಲೆ ಹೂಡಿದವರು ಎಂದು ನೆಂಟರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಮ್ಮ ದುಡ್ಡು ನಾವು ಕೇಳಲು ಯಾರ ಅಪ್ಪಣೆ ಬೇಕಿತ್ತು? ನಾಚಿಕೊಂಡು ಅರಕಲಗೂಡಿಗೆ ಹೋಗಿದ್ದರೆ ಇದೇ ನೆಂಟರು ನಮಗೆ ಮನೆ ಕೊಡಿಸುತ್ತಿದ್ದರೇ?

ಸೊಸೈಟಿ ಸಾಲ ತೀರಿಸಿ, ಉಳಿದದ್ದನ್ನು ಮುಂಗಡ ಕೊಟ್ಟು, ಬಾಕಿಗೆ ಗೃಹಸಾಲ ಮಾಡಿ ಹೊಳೆನರಸೀಪುರದಲ್ಲಿ ಎರಡು ಕೋಣೆಯ ಶೀಟಿನ ಮನೆ ಕೊಂಡೆವು. ಅಲ್ಲಿಯವರೆಗೆ ಅಜ್ಜಿ ಮನೆಯಲ್ಲಿದ್ದೆವು. ರಾತ್ರಿ ಬೀದಿಯಲ್ಲಿ ಯಾವ ಗಾಡಿ ಸದ್ದಾದರೂ ಮೂವರೂ ಎದ್ದು ಕೂರುತ್ತಿದ್ದೆವು. ಕಂತು ಇನ್ನೂ ಏಳು ವರ್ಷ ಇದೆ. ಕಟ್ಟುತ್ತೇವೆ.

ಮನೆ ನಮ್ಮ ಹೆಸರಿಗೆ ನೋಂದಣಿಯಾದ ರಾತ್ರಿ ಅಲ್ಲೇ ಗಂಟುಮೂಟೆ ಬಿಚ್ಚದೆಯೇ ಸಾಲಾಗಿ ಮಲಗಿದೆವು. ನಾನು ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಅಪ್ಪನ ಮಂಡಿಯವರೆಗೆ ಬಂದಿತ್ತು. ಅಮ್ಮ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ನಾನು ಎಬ್ಬಿಸಲಿಲ್ಲ.