ಬಲಗೆನ್ನೆಯ ವಯಸ್ಸು

2022ರಲ್ಲಿ ನಾನು ಮಂಗಳೂರಿನ ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಚರ್ಮರೋಗ ತಜ್ಞೆಯಾಗಿದ್ದೆ. ಊರು ದಾವಣಗೆರೆ, ತುಳು ಬಾರದು. ಡ್ಯೂಟಿ ಮುಗಿಸಿ ಬಾಡಿಗೆ ಮನೆಯ ಬೀಗ ತೆಗೆದರೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಒಂಟಿತನ ನಿಜಕ್ಕೂ ಹಿಂಸೆಯಾಗಿತ್ತು.

ಆ ಮಾರ್ಚ್‌ನಲ್ಲಿ ಸುಂದರಣ್ಣ ಬಂದರು. ಐವತ್ತೆರಡು ವರ್ಷ, ಪಣಂಬೂರು ಬಂದರಿನಿಂದ ಟ್ಯಾಂಕರ್ ಓಡಿಸುವ ಡ್ರೈವರ್. ಎಡಗೆನ್ನೆ ವಯಸ್ಸಿಗೆ ತಕ್ಕಂತಿತ್ತು. ಬಲಗೆನ್ನೆ ಮಾತ್ರ ಎಪ್ಪತ್ತು ದಾಟಿದವರದು. ಆಳವಾದ ಸುಕ್ಕು, ಕಪ್ಪು ಕಲೆ, ಕಣ್ಣಿನ ಪಕ್ಕ ಒಂದು ಹುಣ್ಣು. ವರ್ಷವಾದರೂ ಅದು ವಾಸಿಯಾಗಿರಲಿಲ್ಲ. ಮನೆಯಲ್ಲಿ ಯಾರೂ ಹೇಳಲಿಲ್ಲವೇ ಎಂದು ಕೇಳಿದೆ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಜೊತೆಗಿದ್ದ ಕ್ಲೀನರ್ ಕೂರುವುದು ಎಡಗಡೆ, ಅವನಿಗೆ ಕಾಣುತ್ತಿದ್ದುದು ಒಳ್ಳೆಯ ಕೆನ್ನೆಯೇ.

"ನಾನು ಕಿಟಕಿ ಗ್ಲಾಸ್ ಹಾಕಿಯೇ ಓಡಿಸುವುದು ಡಾಕ್ಟ್ರೇ. ಬಿಸಿಲು ಎಲ್ಲಿಂದ ತಾಗ್ತದೆ?"

ಇಲ್ಲೇ ಬಹಳ ಜನ ತಪ್ಪುವುದು. ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಚರ್ಮ ಸುಡುವ ಯುವಿಬಿಯನ್ನು ಗಾಜು ತಡೆಯುತ್ತದೆ. ಯುವಿಎ ಕಿರಣ ಮಾತ್ರ ಡ್ರೈವರಿನ ಬಲಪಕ್ಕದ ಕಿಟಕಿಯ ಗಾಜು ದಾಟಿ, ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಂಬ ನಾರನ್ನು ಸವೆಸುತ್ತದೆ. ಉರಿಯುವುದಿಲ್ಲವಾದ್ದರಿಂದ ಗೊತ್ತೂ ಆಗುವುದಿಲ್ಲ.

ನಮ್ಮ ಮೈಬಣ್ಣದವರಲ್ಲಿ ಚರ್ಮದ ಕ್ಯಾನ್ಸರ್ ಅಪರೂಪ. ಆದರೂ ಹುಣ್ಣಿನ ಚೂರು ತೆಗೆದು ಬಯಾಪ್ಸಿ ಮಾಡಿಸಿದೆ. ಬೇಸಲ್ ಸೆಲ್ ಕಾರ್ಸಿನೋಮಾ ಎಂಬ, ನಿಧಾನವಾಗಿ ಬೆಳೆಯುವ ಕ್ಯಾನ್ಸರ್ ಎಂದು ವರದಿ ಬಂತು. ಸುಂದರಣ್ಣ ಕೇಳಿದ್ದು ಒಂದೇ.

"ಕಣ್ಣು ಉಳೀತದಾ? ಗಾಡಿ ಬಿಟ್ಟರೆ ನನಗೆ ಬೇರೆ ಎಂತ ಉಂಟು?"

ಉಳಿಯಿತು. ಸರ್ಜನ್ ಹುಣ್ಣನ್ನು ಪೂರ್ತಿ ತೆಗೆದರು. ತುಂಬು ತೋಳಿನ ಅಂಗಿ, ತಂಪು ಕನ್ನಡಕ, ಎರಡು ಗಂಟೆಗೊಮ್ಮೆ ಎಸ್‌ಪಿಎಫ್ ಮೂವತ್ತಕ್ಕೆ ಮೇಲ್ಪಟ್ಟ ಸನ್‌ಸ್ಕ್ರೀನ್ ಎಂದು ನಾನು ಹೇಳಿ ಕಳಿಸಿದೆ. ಮುಂದಿನ ಸಲ ನೋಡಿದರೆ ಬಲಗೆನ್ನೆಗಷ್ಟೇ ಹಚ್ಚಿಕೊಂಡು ಬಂದಿದ್ದರು. ಎಡಗೆನ್ನೆ ಏನು ಪಕ್ಕದ ಮನೆಯವರದಾ ಎಂದು ಗದರಿದಾಗ ನಕ್ಕರು.

ಆಮೇಲೆ ಆರು ತಿಂಗಳಿಗೊಮ್ಮೆ ಬಂದರೆ ಸಾಕಿತ್ತು. ಅವರು ತಿಂಗಳು ತಿಂಗಳೂ ಬಂದು ಸರದಿಯಲ್ಲಿ ಕೂತರು. ಕೊನೆಗೆ ಯಾಕೆಂದು ಕೇಳಿದೆ.

"ತೊಂದರೆ ಎಂತದೂ ಇಲ್ಲ ಡಾಕ್ಟ್ರೇ. ಮುಖ ನೋಡಿ ಹೇಳುವವರು ಬೇರೆ ಯಾರೂ ಇಲ್ಲ."

ಮನೆಯಲ್ಲಿ ನೋಡುವವರಿಲ್ಲದ ರೋಗಿಯನ್ನು ಎರಡು ನಿಮಿಷ ಹೆಚ್ಚು ನೋಡಬೇಕೆಂದು ನಾನು ಕಲಿತದ್ದು ಅಂದು. ಲೈಟ್ ಹಾಕಿ ಎರಡೂ ಕೆನ್ನೆಗಳನ್ನು ನಿಧಾನವಾಗಿ ಪರೀಕ್ಷಿಸಿ, ಎಲ್ಲ ಸರಿ ಇದೆ ಎಂದೆ. ಅವರು ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು.

"ನಿಮ್ಮ ಕಣ್ಣಿನ ಕೆಳಗೆ ಕಪ್ಪಾಗಿದೆ ಡಾಕ್ಟ್ರೇ. ಸರಿಯಾಗಿ ನಿದ್ದೆ ಇಲ್ವಾ?"

ಮಂಗಳೂರಿಗೆ ಬಂದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.